ಹೋಟೆಲಿನ ತೆರಿಗೆ: ಹೊರುವವರು ಯಾರು?

ಬಳ್ಳಾರಿಯ ಜನತೆಗೆ ಮಾರಾಟ ತೆರಿಗೆ ಹೊಸದಲ್ಲ. ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1939ರಲ್ಲಿ, ರಾಜಾಜಿಯವರ ಸರ್ಕಾರ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಿತು. ಪಾನನಿರೋಧದಿಂದ ಕಳೆದುಕೊಂಡ ವರಮಾನವನ್ನು ತುಂಬಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಅಂದಿನಿಂದ ತೆರಿಗೆಯ ಹೆಸರು ಬದಲಾಗಿದೆ, ದರ ಬದಲಾಗಿದೆ. 1953ರಲ್ಲಿ ರಾಜ್ಯವೇ ಬದಲಾಯಿತು. ಬದಲಾಗದೆ ಉಳಿದುದು ಒಂದೇ: ಕೊನೆಗೆ ತೆರಿಗೆ ತೆರುವವನು ಅಂಗಡಿಯ ಮುಂದೆ ನಿಂತು ಕೊಳ್ಳುವ ಬಡವ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು. ಅದೇ ವರ್ಷ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳ ಊಟ ತಿಂಡಿಯ ಮೇಲಿನ ದರ ಶೇ. 5ಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದೇ. ಆದರೆ ಜೊತೆಗೊಂದು ಷರತ್ತು ಬಂದಿತು. ಹೋಟೆಲಿನವರು ಸಾಮಗ್ರಿ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವಂತಿಲ್ಲ.

ಇದರ ಅರ್ಥವೇನು? ಮನೆಯ ಗ್ಯಾಸಿಗೆ ಶೇ. 5 ತೆರಿಗೆ; ಹೋಟೆಲಿನ 19 ಕಿಲೋ ಸಿಲಿಂಡರಿಗೆ ಶೇ. 18. ಸಿಲಿಂಡರಿನ ಮೂಲಬೆಲೆ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ತೆರಿಗೆಯೇ 270. ಎರಡು ದಿನಕ್ಕೊಂದು ಉರಿದರೆ ತಿಂಗಳಿಗೆ 4,050. ಈ ಹಣ ಎಲ್ಲಿಂದ ಬರಬೇಕು? ಇಡ್ಲಿಯ ಬೆಲೆಯಿಂದ, ಮಂಡಕ್ಕಿ ಒಗ್ಗರಣೆಯ ಬೆಲೆಯಿಂದ. ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲಿ ತಿನ್ನುವ ತಟ್ಟೆಯಲ್ಲಿ ಕಾಣುವ ತೆರಿಗೆ ಶೇ. 5, ಕಾಣದ ತೆರಿಗೆ ಬೆಲೆಯೊಳಗೆ ಅಡಗಿದೆ.

ದಿನಕ್ಕೆ 7,500 ರೂಪಾಯಿಗೂ ಮೇಲೆ ಕೋಣೆ ಬಾಡಿಗೆ ಪಡೆಯುವ ದೊಡ್ಡ ಹೋಟೆಲಿನ ಊಟಕ್ಕೆ ಶೇ. 18 ತೆರಿಗೆಯುಂಟು, ನಿಜ. ಆದರೆ ಆ ಮಾಲೀಕನಿಗೆ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಹಕ್ಕೂ ಉಂಟು. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಬಂದವರಿಗೆ ಚಹಾ ಕಾಸಿ ಕೊಡುವವನಿಗೆ ಆ ಹಕ್ಕಿಲ್ಲ. ವಸತಿಗೃಹಗಳ ಕಥೆಯೂ ಅಷ್ಟೇ. ಸಾವಿರ ರೂಪಾಯಿಯೊಳಗಿನ ಕೋಣೆಗೆ ತೆರಿಗೆಯೇ ಇರಲಿಲ್ಲ. 2022ರ ಜುಲೈ 18ರಿಂದ ಶೇ. 12 ಹೇರಿದರು. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಿದರು, ಇಲ್ಲಿಯೂ ಕಳೆದುಕೊಳ್ಳುವ ಹಕ್ಕನ್ನು ಕಿತ್ತುಕೊಂಡೇ ಇಳಿಸಿದರು.

ಇನ್ನು ನೋಂದಣಿಯ ಮಿತಿ. ಸರಕು ಮಾರುವವನಿಗೆ ವರ್ಷಕ್ಕೆ 40 ಲಕ್ಷ. ಅನ್ನ ಬಡಿಸುವವನಿಗೆ 20 ಲಕ್ಷ. ದಿನಕ್ಕೆ 5,500 ರೂಪಾಯಿ ಗಲ್ಲಾಪೆಟ್ಟಿಗೆಗೆ ಬಿದ್ದರೆ ಮಿತಿ ದಾಟಿತು. ಇದು ಲಾಭವಲ್ಲ, ಬರೀ ವಹಿವಾಟು. ಹಾಲು, ಎಣ್ಣೆ, ಬಾಡಿಗೆ, ಕೂಲಿ ಎಲ್ಲವೂ ಇದರಲ್ಲೇ. ರಾಜಿ ಪದ್ಧತಿಗೆ ಒಪ್ಪಿಕೊಂಡರೆ ಈ 5,500ರಲ್ಲಿ ದಿನಕ್ಕೆ 275 ರೂಪಾಯಿ ತನ್ನ ಕೈಯಿಂದಲೇ ಕಟ್ಟಬೇಕು. ಗಿರಾಕಿಯ ಬಿಲ್ಲಿನಲ್ಲಿ ಸೇರಿಸುವಂತಿಲ್ಲ. 2025ರ ಜುಲೈನಲ್ಲಿ ಫೋನಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳಿಸಿದಾಗ ರಾಜ್ಯದ ಸಣ್ಣ ವ್ಯಾಪಾರಿಗಳು ಕಂಗಾಲಾದರು. ಅವರು ಒಟ್ಟಾಗಿ ಬಂದ್ ಘೋಷಿಸಿದ ಮೇಲೆಯೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದರು. ಸಂಘಟನೆಯ ಬಲ ಅಂಥದು.

ತೆರಿಗೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಶಾಲೆ, ಆಸ್ಪತ್ರೆ, ಕಾಲುವೆಗಳು ತೆರಿಗೆಯಿಂದಲೇ ನಡೆಯಬೇಕು. ಆದರೆ ಉಳ್ಳವನ ಸಂಪತ್ತಿನ ಮೇಲೆ ನೇರವಾಗಿ ಬೀಳಬೇಕಾದ ಭಾರ ಉಣ್ಣುವವನ ತುತ್ತಿನ ಮೇಲೆ ಬೀಳಬಾರದು. ಹೋಟೆಲಿನ ಮಾಲೀಕರಿಗೂ ಒಂದು ಮಾತು: ಸರ್ಕಾರ ನಿಮ್ಮ ಬೆನ್ನ ಮೇಲಿಟ್ಟ ಹೊರೆಯನ್ನು ಲೋಟ ತೊಳೆಯುವವನ ಬೆನ್ನಿಗೆ ದಾಟಿಸಬೇಡಿ. ಕನಿಷ್ಠ ಕೂಲಿಯಲ್ಲಿ ಕಾಸು ಕಡಿದು ತೆರಿಗೆ ಕಟ್ಟಿದರೆ ನಿಮ್ಮ ದೂರಿಗೆ ಬೆಲೆಯಿರದು.

ನಮ್ಮ ಬೇಡಿಕೆಗಳು ಮೂರು. ಊಟ ತಿಂಡಿ ಮಾರುವವರ ನೋಂದಣಿ ಮಿತಿಯನ್ನೂ 40 ಲಕ್ಷಕ್ಕೆ ಏರಿಸಬೇಕು. ಸಣ್ಣ ಹೋಟೆಲಿನ ಸಿಲಿಂಡರಿಗೆ ಮನೆಯ ದರವನ್ನೇ ಹಾಕಬೇಕು. ಶೇ. 5ರ ದರದಲ್ಲಿಯೇ, ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಹಕ್ಕನ್ನು ಮರಳಿ ಕೊಡಬೇಕು. ಇದು ವ್ಯಾಪಾರಿಗಳ ಬೇಡಿಕೆ ಮಾತ್ರವಲ್ಲ. ಗಿರಣಿಯ ಕಾರ್ಮಿಕನೂ ಹೋಟೆಲಿನ ಮಾಲೀಕನೂ ಬಿಲ್ಲಿನ ಎರಡು ಬದಿಗಳಲ್ಲಿ ನಿಂತು ಜಗಳವಾಡುವುದನ್ನು ಬಿಟ್ಟು, ಬಿಲ್ಲನ್ನು ಹಿಡಿದು ಒಂದೇ ಬದಿಯಲ್ಲಿ ನಿಲ್ಲಲಿ.