ಗೋರಿಕಲ್ಲಿನ ಮೇಲೊಂದು ತಪ್ಪಕ್ಷರ

‘ಸ್ಟಾರ್ ಟ್ರೆಕ್’ ಧಾರಾವಾಹಿಯ ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ಎಂಬ ಕಂತಿನಲ್ಲಿ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಕರ್ಕ್ ಬದುಕಿರುವಾಗಲೇ ಅವನಿಗೊಂದು ಗೋರಿ ಸಿದ್ಧವಾಗುತ್ತದೆ. ಅತಿಮಾನುಷ ಶಕ್ತಿ ಮೈಗೂಡಿದ ಅವನ ಹಳೆಯ ಗೆಳೆಯ ಗ್ಯಾರಿ ಮಿಚೆಲ್ ಗುದ್ದಲಿ ಹಿಡಿಯದೆ, ಬರೀ ಮನಸ್ಸಿನ ಬಲದಿಂದ ಗುಂಡಿ ತೋಡಿ ಕಲ್ಲನ್ನೂ ನಿಲ್ಲಿಸುತ್ತಾನೆ. ಕಲ್ಲಿನ ಮೇಲಿರುವ ಹೆಸರು ‘ಜೇಮ್ಸ್ ಆರ್. ಕರ್ಕ್’. ಧಾರಾವಾಹಿಯಲ್ಲೂ ಆಮೇಲಿನ ಸಿನಿಮಾಗಳಲ್ಲೂ ಅವನು ‘ಜೇಮ್ಸ್ ಟಿ. ಕರ್ಕ್’. ಆ ‘ಟಿ’ ಎಂದರೆ ಟೈಬೀರಿಯಸ್ ಎಂದು ಪ್ರೇಕ್ಷಕರಿಗೆ ತಿಳಿದದ್ದು 1974ರಲ್ಲಿ, ಅನಿಮೇಷನ್ ಸರಣಿಯ ಒಂದು ಕಂತಿನಿಂದ. ತಪ್ಪು ಹೆಕ್ಕುವ ಅಭಿಮಾನಿಗಳ ಪಟ್ಟಿಯಲ್ಲಿ ಈ ಒಂದಕ್ಷರಕ್ಕೆ ಅಗ್ರಪೂಜೆ ಸಲ್ಲುತ್ತ ಬಂದಿದೆ.

ಆದರೆ ಕಲ್ಲಿನ ಮೇಲೆ ಬರೆದ ದಿನ ಆ ಅಕ್ಷರ ತಪ್ಪಾಗಿರಲಿಲ್ಲ. ‘ದಿ ಕೇಜ್’ ಎಂಬ ಮೊದಲ ಪೈಲಟ್ ಕಂತನ್ನು ಎನ್‌ಬಿಸಿ ವಾಹಿನಿ ಒಪ್ಪದೆ, ಇನ್ನೊಂದನ್ನು ಮಾಡಿ ತೋರಿಸಿ ಎಂದಿತ್ತು. ಆ ಎರಡನೆಯ ಪೈಲಟ್ಟೇ ಈ ಕಂತು. ಚಿತ್ರೀಕರಣ ನಡೆದದ್ದು 1965ರ ಜುಲೈಯಲ್ಲಿ. ಧಾರಾವಾಹಿ ಆಗುತ್ತದೋ ಇಲ್ಲವೋ ಎಂಬುದೇ ಗೊತ್ತಿಲ್ಲದ ಹೊತ್ತಿನಲ್ಲಿ ನಾಯಕನ ನಡುಹೆಸರು ಯಾರಿಗೂ ದೊಡ್ಡ ಸಂಗತಿಯಾಗಿರಲಿಕ್ಕಿಲ್ಲ. ‘ಟಿ’ ಬಂದು ನೆಲೆಯೂರಿದ ಮೇಲೆ ‘ಆರ್’ ತಪ್ಪಾಯಿತು.

ಪ್ರಸಾರದ ಕ್ರಮ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. 1966ರ ಸೆಪ್ಟೆಂಬರ್ 8ರಂದು ಧಾರಾವಾಹಿ ‘ದಿ ಮ್ಯಾನ್ ಟ್ರ್ಯಾಪ್’ ಕಂತಿನಿಂದ ಶುರುವಾಯಿತು. ವರ್ಷದ ಹಿಂದೆ ತೆಗೆದಿದ್ದ ಪೈಲಟ್ಟು ಮೂರನೆಯದಾಗಿ ಸೆಪ್ಟೆಂಬರ್ 22ರಂದು ಬಂತು. ಎರಡು ವಾರ ಡಾಕ್ಟರ್ ಮೆಕಾಯ್ ಮತ್ತು ಊಹುರಾರನ್ನು ಕಂಡು ರೂಢಿಯಾಗಿದ್ದ ಪ್ರೇಕ್ಷಕರಿಗೆ ಮೂರನೆಯ ವಾರ ಇಬ್ಬರೂ ಮಾಯ. ವೈದ್ಯರ ಜಾಗದಲ್ಲಿ ಪೈಪರ್ ಎಂಬ ಹಿರಿಯರು. ಕೆಂಪು ಅಂಗಿಗಳಿಲ್ಲ, ಕಾಲರಿನ ಮಾದರಿ ಬೇರೆ, ಸುಲು ಇಲ್ಲಿ ಭೌತವಿಜ್ಞಾನಿ. ಇದಕ್ಕೆ ತದ್ವಿರುದ್ಧವಾಗಿ, ಪೂರ್ಣ ಧಾರಾವಾಹಿಗೆಂದು ಮೊದಲು ಚಿತ್ರೀಕರಿಸಿದ ‘ದಿ ಕಾರ್ಬೊಮೈಟ್ ಮೆನೂವರ್’ ಕಂತಿನ ವಿಶೇಷ ದೃಶ್ಯಗಳ ಕೆಲಸ ತಡವಾಗಿ, ಅದು ಹತ್ತನೆಯದಾಗಿ ನವೆಂಬರಿನಲ್ಲಿ ಪ್ರಸಾರವಾಯಿತು. ಒಂದು ಶಾಟಿನಿಂದ ಇನ್ನೊಂದಕ್ಕೆ ಗುಂಡಿ, ತಲೆಗೂದಲು, ಕೈಯಲ್ಲಿನ ಲೋಟ ಬದಲಾಗದಂತೆ ಕಾಯುವವರು ಚಿತ್ರೀಕರಣದ ಸ್ಥಳದಲ್ಲಿ ಇರುತ್ತಾರೆ. ಕನ್ನಡ ಚಿತ್ರರಂಗದವರೂ ಇದನ್ನು ‘ಕಂಟಿನ್ಯುಟಿ’ ಎಂದೇ ಕರೆಯುತ್ತಾರೆ. ವಾಹಿನಿಯ ಕಚೇರಿಯಲ್ಲಿ ಕಂತುಗಳ ಸರದಿಯೇ ಅದಲು ಬದಲಾದರೆ ಈ ಕಾಯುವವರು ತಾನೆ ಏನು ಮಾಡಿಯಾರು?

ನಿಜವಾದ ತಪ್ಪು ಅದೇ ಕಲ್ಲಿನ ಮೇಲೆ, ಹೆಸರಿನ ಕೆಳಗೇ ಇದೆ. ಅಲ್ಲಿ ಕರ್ಕನ ಜೀವಿತಾವಧಿಯನ್ನು ‘1277.1ರಿಂದ 1313.7’ ಎಂದು ಧಾರಾವಾಹಿಯ ಕಾಲ್ಪನಿಕ ಕಾಲಮಾನವಾದ ನಕ್ಷತ್ರ ದಿನಾಂಕದಲ್ಲಿ ಕೊಟ್ಟಿದೆ. ವ್ಯತ್ಯಾಸ 36.6. ಒಂದು ಅಂಕಿಗೆ ಒಂದು ವರ್ಷವೆಂದು ಹಿಡಿದರೆ ಕ್ಯಾಪ್ಟನ್ನನ ವಯಸ್ಸಿಗೆ ಸರಿಹೊಂದುತ್ತದೆ. ಆದರೆ ಇದೇ ಕಂತಿನಲ್ಲಿ ಅವನ ದಿನಚರಿ 1312.4ರಿಂದ ಶುರುವಾಗಿ 1313.8ಕ್ಕೆ ಮುಗಿಯುತ್ತದೆ. ಕಥೆ ನಡೆಯುವುದು ಕೆಲವೇ ದಿನಗಳಲ್ಲಿ. ಆ ಲೆಕ್ಕದಲ್ಲಿ ಕರ್ಕ್ ಹುಟ್ಟಿ ಒಂದು ವರ್ಷವೂ ತುಂಬಿರುವುದಿಲ್ಲ! ಹೆಸರಿನ ತಪ್ಪು ಕಾಣಲು ಮುಂದಿನ ಕಂತುಗಳನ್ನು ನೋಡಬೇಕು. ಈ ತಪ್ಪಿಗೆ ಸಾಕ್ಷಿ ಕಂತಿನೊಳಗೇ ಇದೆ. ಆದರೂ ಜನರ ಬಾಯಲ್ಲಿ ಉಳಿದದ್ದು ‘ಆರ್’ ಮಾತ್ರ.

ಕರ್ಕ್‌ನ ಅನ್ಯಗ್ರಹದ ಸಹೋದ್ಯೋಗಿ ಸ್ಪಾಕ್‌ನ ಮಾತಿನದು ಮತ್ತೊಂದು ಬಗೆ. ತನ್ನ ಪೂರ್ವಜರಲ್ಲೊಬ್ಬ ಮಾನವ ಸ್ತ್ರೀಯನ್ನು ಮದುವೆಯಾಗಿದ್ದನೆಂದು ಅವನು ಇಲ್ಲಿ ಹೇಳುತ್ತಾನೆ. ಮುಂದೆ ಅವನ ತಾಯಿಯೇ ಭೂಮಿಯವಳಾಗುತ್ತಾಳೆ. ತಂದೆಯೂ ಪೂರ್ವಜನೇ ತಾನೆ ಎಂದು ವಾದಿಸುವವರಿದ್ದಾರೆ. ಆದರೆ ಹೆತ್ತವರನ್ನು ಹಾಗೆ ಕರೆಯುವ ಮಗ ಅಪರೂಪ.

ಇವೆಲ್ಲ ಆ ಕಾಲದ ಪ್ರೇಕ್ಷಕರ ಕಣ್ಣಿಗೆ ಬೀಳುವುದು ಕಷ್ಟವಿತ್ತು. 525 ಗೆರೆಗಳ ಟಿವಿ ಪರದೆ, ಪ್ರಸಾರವಾದ ಮೇಲೆ ಮರುಪ್ರಸಾರದವರೆಗೆ ಮತ್ತೆ ನೋಡುವ ದಾರಿಯಿಲ್ಲ, ನಿಲ್ಲಿಸಿ ನೋಡುವ ಗುಂಡಿಯಂತೂ ಇಲ್ಲವೇ ಇಲ್ಲ. 1967ರ ‘ಸ್ಪೇಸ್ ಸೀಡ್’ ಕಂತಿನಲ್ಲಿ ಕರ್ಕ್ ಮತ್ತು ಖಳನಾಯಕ ಖಾನ್ ಹೊಡೆದಾಡುವಾಗ ಅವರ ಬದಲಿಗೆ ಬಂದ ಸ್ಟಂಟ್ ಕಲಾವಿದರ ಮುಖ ಇಂದಿನ ಪರದೆಯಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಖಾನ್‌ನ ಆ ಕಂತು ಇನ್ನೂ ದೊಡ್ಡ ಎಡವಟ್ಟಿಗೆ ಮೂಲವಾಯಿತು. 1982ರ ‘ದಿ ರಾತ್ ಆಫ್ ಖಾನ್’ ಸಿನಿಮಾದಲ್ಲಿ ಅವನು ಚೆಕಾವ್‌ನ ಮುಖ ನೋಡಿದೊಡನೆ ಗುರುತಿಸುತ್ತಾನೆ. ಚೆಕಾವ್ ಧಾರಾವಾಹಿಗೆ ಸೇರಿದ್ದೇ ಎರಡನೆಯ ಸೀಸನ್ನಿನಲ್ಲಿ. ‘ಸ್ಪೇಸ್ ಸೀಡ್’ ಮೊದಲನೆಯದರದು. ಇದಕ್ಕೆ ಚೆಕಾವ್ ಪಾತ್ರಧಾರಿ ವಾಲ್ಟರ್ ಕೋನಿಗ್ ಅಭಿಮಾನಿಗಳ ಮುಂದೆ ಒಂದು ತಮಾಷೆಯ ಸಮಜಾಯಿಷಿ ಕೊಡುತ್ತಿದ್ದರು: ಖಾನ್ ಹಡಗಿನಲ್ಲಿದ್ದಾಗ ಚೆಕಾವ್ ಶೌಚಾಲಯ ಹಿಡಿದು ಕೂತು ಅವನನ್ನು ಬಹಳ ಹೊತ್ತು ಹೊರಗೆ ಕಾಯಿಸಿದ್ದ, ಆ ಮುಖವನ್ನು ಖಾನ್ ಮರೆಯುವುದಾದರೂ ಹೇಗೆ?