ದಾರಿ ಬಿಡುವವನು ಯಾರು?

ಸಾರಥಿಯಿಲ್ಲದೆ ರಥ ಹೊರಟಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ, ಮಕ್ಕಳ ಮನೆಗೆಂದು ಹೋಗಿ ಬಂದ ನಮ್ಮ ಹಿರಿಯರು ಅದರ ಬಣ್ಣನೆಯನ್ನು ಬಾಯಿ ತುಂಬ ಮಾಡುತ್ತಾರೆ. ಚಾಲಕನ ಪೀಠ ಬರಿದು. ಚಕ್ರ ತಾನಾಗಿ ತಿರುಗುತ್ತದೆ. ಕೆಂಪು ದೀಪ ಕಂಡರೆ ಗಾಡಿ ತಾನಾಗಿ ನಿಲ್ಲುತ್ತದೆ. ಕೇಳಿದವರು ಮೂಗಿನ ಮೇಲೆ ಬೆರಳಿಡುತ್ತಾರೆ. ಇಡಲಿ, ನನ್ನ ಅಡ್ಡಿಯಿಲ್ಲ. ಆದರೆ ಹಿಂದಿನಿಂದ ಸೈರನ್ ಕೂಗುತ್ತ ಫೈರ್ ಎಂಜಿನ್ ಬಂದಾಗ ಆ ಬರಿದಾದ ಪೀಠದಲ್ಲಿದ್ದು ದಾರಿ ಬಿಡುವವನು ಯಾರು?

ಇದು ಊಹೆಯಿಂದ ಹುಟ್ಟಿದ ಪ್ರಶ್ನೆಯಲ್ಲ. 2023ರ ಜನವರಿಯಲ್ಲಿ ಅದೇ ನಗರದಲ್ಲಿ, ಬೆಂಕಿ ನಂದಿಸುತ್ತಿದ್ದ ಜಾಗಕ್ಕೆ ಕ್ರೂಸ್ ಕಂಪನಿಯ ಚಾಲಕರಹಿತ ಕಾರೊಂದು ಬಂದಿತು. ನೆಲದಲ್ಲಿ ಹಾಸಿದ್ದ ನೀರಿನ ಕೊಳವೆಗಳ ಮೇಲೆ ಅದು ಹರಿಯದಂತೆ ತಡೆಯಲು ಅಗ್ನಿಶಾಮಕರು ಅದರ ಗಾಜನ್ನೇ ಒಡೆಯಬೇಕಾಯಿತು. ಬೆಂಕಿಯನ್ನು ತಡೆಯಲು ಬಂದವರು ಕಾರನ್ನು ತಡೆಯುತ್ತ ನಿಂತರು! ಆ ವರ್ಷದ ಆಗಸ್ಟ್ ಹೊತ್ತಿಗೆ ಇಂಥ 50ಕ್ಕೂ ಹೆಚ್ಚು ಪ್ರಸಂಗಗಳು ಅಗ್ನಿಶಾಮಕ ದಳದ ದಾಖಲೆಗೆ ಸೇರಿದ್ದುವು. ಈ ಗಾಡಿಗಳು ಇನ್ನೂ ಬೀದಿಗೆ ಯೋಗ್ಯವಾಗಿಲ್ಲ, ಇವುಗಳ ಆಯಾ ಕೆಲಸ ನಮ್ಮದಲ್ಲ ಎಂದು ದಳದ ಅಂದಿನ ಮುಖ್ಯಸ್ಥೆ ಜೀನೀನ್ ನಿಕಲ್ಸನ್ ಬಹಿರಂಗವಾಗಿ ಹೇಳಿದರು.

ಕೇಳಿದವರುಂಟೆ? 2023ರ ಆಗಸ್ಟ್ 10ರಂದು ಕ್ಯಾಲಿಫೋರ್ನಿಯದ ಸಾರ್ವಜನಿಕ ಉಪಯುಕ್ತತಾ ಆಯೋಗವು ಕ್ರೂಸ್ ಮತ್ತು ವೇಮೋ ಕಂಪನಿಗಳಿಗೆ ಹಗಲಿರುಳೂ ಬಾಡಿಗೆ ಹೊಡೆಯಲು ಅನುಮತಿಯಿತ್ತಿತು. ಪರವಾಗಿ ಮೂರು ಮತ, ವಿರೋಧವಾಗಿ ಒಂದು. ಪರವಾಗಿ ಕೈ ಎತ್ತಿದ ಮೂವರಲ್ಲಿ ಒಬ್ಬರು ಹಿಂದೆ ಕ್ರೂಸ್ ಕಂಪನಿಯಲ್ಲೇ ವಕೀಲರಾಗಿದ್ದವರು! ಸರಿಯಾಗಿ ಒಂದು ವಾರ ಕಳೆದು, ಆಗಸ್ಟ್ 17ರ ರಾತ್ರಿ, ಕರೆಯ ಮೇಲೆ ಧಾವಿಸುತ್ತಿದ್ದ ಫೈರ್ ಎಂಜಿನ್ನಿಗೂ ಕ್ರೂಸ್ ಕಾರಿಗೂ ನಾಲ್ಕು ದಾರಿ ಕೂಡುವಲ್ಲಿ ಡಿಕ್ಕಿಯಾಯಿತು. ಕಾರಿನೊಳಗಿದ್ದ ಪ್ರಯಾಣಿಕರಿಗೆ ಪೆಟ್ಟಾಯಿತು. ಮರುದಿನವೇ ಸರ್ಕಾರದ ಮೋಟಾರು ವಾಹನ ಇಲಾಖೆ ಆ ಕಂಪನಿಗೆ ಗಾಡಿಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಲು ಹೇಳಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದೆಂದರೆ ಇದೇ.

ಇಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಆ ಕಾರಿಗೆ ಹಸಿರು ದೀಪವಿತ್ತು. ಫೈರ್ ಎಂಜಿನ್ನು ಎದುರು ದಿಕ್ಕಿನ ಸಾಲಿನಲ್ಲಿ ಬರುತ್ತಿತ್ತು. ನಿಯಮದ ಪುಸ್ತಕ ಹಿಡಿದು ನೋಡಿದರೆ ಕಾರಿನ ತಪ್ಪು ಅಷ್ಟೇನೂ ಕಾಣದು. ಆದರೆ ಸೈರನ್ನಿನ ಅರ್ಥವೇ, ಈಗ ಪುಸ್ತಕವನ್ನು ಮುಚ್ಚಿಡಿ ಎಂಬುದಲ್ಲವೆ? ಹಿಂದೆ ಆಂಬುಲೆನ್ಸ್ ಕೂಗಿದಾಗ ನಮ್ಮೂರ ಆಟೋದವನು ಕಾಲುದಾರಿಗೆ ಚಕ್ರ ಹತ್ತಿಸಿಯಾದರೂ ಮೂರಡಿ ಜಾಗ ಮಾಡಿಕೊಡುತ್ತಾನೆ. ಅವನು ನಿಯಮವನ್ನು ಮೀರಿದ. ಮೀರಿದ್ದರಿಂದಲೇ ಧರ್ಮ ಉಳಿಯಿತು. ಮಾಡದಿದ್ದರೆ ಪೊಲೀಸಿನವನು ಅವನ ಕಣ್ಣಿಗೆ ಕಣ್ಣಿಟ್ಟು, ‘ಹಿಂದಕ್ಕೆ ತೆಗೆಯಯ್ಯ’ ಎಂದು ಗದರಬಹುದು. ಬರಿದಾದ ಪೀಠವನ್ನು ಯಾರು ಗದರುವುದು?

ಈ ಗಾಡಿಗಳ ಪಕ್ಷಪಾತಿಗಳು ಒಂದು ಮಾತನ್ನು ಮುಂದಿಡುತ್ತಾರೆ. ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಫೋನಿನಲ್ಲಿ ಹರಟುವುದಿಲ್ಲ. ಗಾಯವಾಗುವಂಥ ಅಪಘಾತಗಳು ತನ್ನ ಗಾಡಿಗಳಿಂದ ಕಡಮೆಯೆಂದು ವೇಮೋ ಲೆಕ್ಕವನ್ನೂ ಪ್ರಕಟಿಸಿದೆ. ಸೈರನ್ ಕೇಳಲು ಆ ಗಾಡಿಗೆ ಕಿವಿಗಳನ್ನೂ ಇಟ್ಟಿದ್ದಾರೆ. ಇದೆಲ್ಲ ನಿಜವೇ ಇರಲಿ. ನೂರು ದಿನ ಚೆನ್ನಾಗಿ ಓಡುವುದು ಒಂದು ಗುಣ. ನೂರೊಂದನೆಯ ದಿನ, ಮನೆ ಉರಿಯುವಾಗ, ಹೇಳಿದ ಮಾತು ಕೇಳುವುದು ಇನ್ನೊಂದು ಗುಣ. ಮೊದಲನೆಯದರ ಲೆಕ್ಕ ಎರಡನೆಯದಕ್ಕೆ ಜಾಮೀನಾಗದು.

ಆ ನೂರೊಂದನೆಯ ದಿನ 2025ರ ಡಿಸೆಂಬರ್ 20ರಂದು ಬಂದಿತು. ಸ್ಯಾನ್ ಫ್ರಾನ್ಸಿಸ್ಕೊದ ಹಲವು ಭಾಗಗಳಲ್ಲಿ ವಿದ್ಯುತ್ ಹೋಗಿ ಬೀದಿಯ ಸಂಕೇತ ದೀಪಗಳು ಆರಿದುವು. ವೇಮೋ ಗಾಡಿಗಳು ಅಲ್ಲಲ್ಲೇ ನಿಂತುಬಿಟ್ಟುವು. ಮುಂದೆ ಹೋಗಲೇ ಎಂದು ದೂರದ ಕೋಣೆಯಲ್ಲಿ ಕುಳಿತ ನೌಕರರನ್ನು ಅವು ಕೇಳುತ್ತಿದ್ದುವು. ಕೇಳಿಕೆಗಳು ಒಮ್ಮೆಗೇ ಬಂದು ರಾಶಿ ಬಿದ್ದುವು. ಇದು ಕಂಪನಿಯೇ ಕೊಟ್ಟ ವಿವರಣೆ. ಹಾಗಾದರೆ ಚಾಲಕನೇ ಇಲ್ಲವೆಂದಲ್ಲ. ಇದ್ದಾನೆ, ಆದರೆ ಸ್ಥಳದಲ್ಲಿಲ್ಲ. ಪಟ್ಟಣಕ್ಕೆ ಕತ್ತಲೆ ಕವಿದ ಹೊತ್ತಿನಲ್ಲಿ ಅವನ ಬಾಗಿಲಲ್ಲಿ ಸಾಲು ಹಚ್ಚಿ ನಿಲ್ಲಬೇಕು, ಅಷ್ಟೆ.

ನಾನು ಕನ್ನಡ ಪಾಠ ಹೇಳುವವನು. ಯಂತ್ರಶಾಸ್ತ್ರ ನನ್ನದಲ್ಲ, ವ್ಯಾಕರಣ ನನ್ನದು. ಕರ್ಮಣಿ ಪ್ರಯೋಗ ನಮ್ಮ ಭಾಷೆಗೆ ಸಹಜವಲ್ಲವೆಂದು ಹುಡುಗರಿಗೆ ಹೇಳುತ್ತಿರುತ್ತೇನೆ. ‘ಕಾರು ನಿಲ್ಲಿಸಲ್ಪಟ್ಟಿತು’ ಎಂದರೆ ಕನ್ನಡದ ಕಿವಿ ಕೂಡಲೇ, ‘ಯಾರು ನಿಲ್ಲಿಸಿದರು?’ ಎಂದು ಕೇಳುತ್ತದೆ. ಕಚೇರಿ ಕನ್ನಡದಲ್ಲಿ ಕರ್ತೃಪದವನ್ನು ನುಂಗಿ ಹಾಕುವವರು ಸಾಮಾನ್ಯವಾಗಿ ಹೊಣೆಯನ್ನೂ ನುಂಗುತ್ತಾರೆ. ಈ ಗಾಡಿ ಬೀದಿಯಲ್ಲಿ ಓಡುವ ಕರ್ಮಣಿ ಪ್ರಯೋಗ.

ಕಾನೂನು ಕೂಡ ಇದನ್ನು ಕಂಡು ತಡವರಿಸಿತು. 2025ರ ಸೆಪ್ಟೆಂಬರಿನಲ್ಲಿ ಸ್ಯಾನ್ ಬ್ರೂನೊ ಊರಿನ ಪೊಲೀಸರು ನಿಷಿದ್ಧ ತಿರುವು ತೆಗೆದುಕೊಂಡ ವೇಮೋ ಗಾಡಿಯನ್ನು ನಿಲ್ಲಿಸಿದರು. ಚೀಟಿ ಬರೆಯಲು ಹೋದರೆ ಚಾಲಕನಿಲ್ಲ, ಹಾಗೆಯೇ ಬಿಟ್ಟರು. ಕ್ಯಾಲಿಫೋರ್ನಿಯ 2024ರಲ್ಲಿ ಹೊಸ ಕಾನೂನೊಂದನ್ನು ಮಾಡಿ, 2026ರ ಜುಲೈ 1ನ್ನು ಜಾರಿಯ ದಿನವಾಗಿ ಗೊತ್ತುಮಾಡಿತು. ತುರ್ತು ಸಿಬ್ಬಂದಿ ಒಂದು ಪ್ರದೇಶವನ್ನು ತೆರವು ಮಾಡಲು ಸಂದೇಶ ಕೊಟ್ಟರೆ ಎರಡು ನಿಮಿಷದೊಳಗೆ ಕಂಪನಿ ತನ್ನ ಗಾಡಿಗಳಿಗೆ ಆಜ್ಞೆ ಮಾಡತಕ್ಕದ್ದು. ತಪ್ಪು ಕಂಡಾಗ ಪೊಲೀಸರು ಕಂಪನಿಗೆ ನೋಟೀಸು ಕೊಡಬಹುದು. ಒಳ್ಳೆಯದೇ. ಆದರೆ ದಂಡವೆಷ್ಟೆಂದು ಆ ಕಾನೂನು ಹೇಳಲಿಲ್ಲ. ಹಲ್ಲಿಲ್ಲದ ನೋಟೀಸಿಗೆ ಹೆದರುವವರು ಯಾರು? ನಮ್ಮ ರಸ್ತೆಗಳ ಅವ್ಯವಸ್ಥೆ ಎಷ್ಟೇ ಇರಲಿ, ನಮ್ಮ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಈ ವಿಷಯದಲ್ಲಿ ಗಟ್ಟಿ ದನಿಯಲ್ಲಿ ಮಾತನಾಡುತ್ತದೆ. ಆಂಬುಲೆನ್ಸಿಗೋ ಫೈರ್ ಎಂಜಿನ್ನಿಗೋ ದಾರಿ ಬಿಡದವನಿಗೆ 10,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಜಾರಿ ಸಡಿಲವಿರಬಹುದು, ಹಿಡಿಯಬೇಕಾದವನು ಯಾರೆಂಬ ಸಂಶಯವಂತೂ ಇಲ್ಲ.

ಕಂಪನಿಯ ಮಾತನ್ನೇ ನಂಬಿ ಕೂರೋಣವೆ? 2023ರ ಅಕ್ಟೋಬರಿನಲ್ಲಿ ಕ್ರೂಸ್ ಕಾರು ಪಾದಚಾರಿ ಮಹಿಳೆಯೊಬ್ಬರನ್ನು ಸುಮಾರು 20 ಅಡಿ ಎಳೆದೊಯ್ದಿತು. ಆ ವಿಷಯದಲ್ಲಿ ಸರ್ಕಾರಕ್ಕೆ ಸುಳ್ಳು ವರದಿ ಕೊಟ್ಟದ್ದನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು 5 ಲಕ್ಷ ಡಾಲರ್ ದಂಡ ತೆತ್ತಿತು.

ಆದುದರಿಂದ ನನ್ನ ವಾದ ಇಷ್ಟು. ಬೀದಿ ಸಾರ್ವಜನಿಕರದು, ಪ್ರಯೋಗದ ಲಾಭ ಕಂಪನಿಯದಾದರೆ ಅದರ ಭಾರವೂ ಕಂಪನಿಯದೇ ಆಗಬೇಕು. ಅಗ್ನಿಶಾಮಕರು ಸಾಕೆನ್ನುವವರೆಗೆ ಗಾಡಿಗಳ ಸಂಖ್ಯೆ ಹೆಚ್ಚಿಸಕೂಡದು. ದಾರಿಗಡ್ಡ ನಿಂತ ಪ್ರತಿ ನಿಮಿಷವೂ ಜನರೆಲ್ಲ ಓದಬಹುದಾದ ದಾಖಲೆಗೆ ಸೇರಬೇಕು. ಪ್ರತಿ ನಿಮಿಷಕ್ಕೂ, ಮಾಲೀಕರಿಗೆ ನೋಯುವಷ್ಟು ದಂಡ ಬೀಳಬೇಕು. ಇದು ಯಂತ್ರದ್ವೇಷವಲ್ಲ. ಉರಿಯುವ ಮನೆಯೊಳಗೆ ಸಿಕ್ಕಿಬಿದ್ದವನಿಗೆ ಬೇಕಾದುದು ಯಂತ್ರದ ಜಾಣತನವಲ್ಲ. ‘ನಾನಿದ್ದೇನೆ, ದಾರಿ ಬಿಟ್ಟೆ’ ಎಂದು ಉತ್ತರ ಕೊಡಬಲ್ಲ ಒಬ್ಬ ಮನುಷ್ಯ.