ಬೆಟ್ಟ ಹತ್ತೋ ಮಾತು ಆಮೇಲೆ, ಮೊದಲು ಮನೆ ಪ್ಲಗ್ ನೋಡಿ

ಭಾನುವಾರ ಬೆಳಿಗ್ಗೆ ದೇವರಾಯನದುರ್ಗದ ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಹೊಸ ಕಾರುಗಳ ಮೆರವಣಿಗೆಯೇ ಕಾಣುತ್ತದೆ. ಈಚೆಗೆ ಹಸಿರು ನಂಬರ್ ಪ್ಲೇಟಿನ ಕಾರುಗಳೂ ಜಾಸ್ತಿ. ಸದ್ದಿಲ್ಲದೆ ಬರುತ್ತವೆ, ಸದ್ದಿಲ್ಲದೆ ತಿರುವು ಹತ್ತಿ ಹೋಗುತ್ತವೆ. ನಾಮದ ಚಿಲುಮೆ ಹತ್ತಿರ ನಿಲ್ಲಿಸಿದರೆ ನಮ್ಮ ಹುಡುಗರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಊರಿಗೆ ಬಂದ ಮೇಲೆ ಮೊಬೈಲಿನಲ್ಲಿ ಹುಡುಕುತ್ತಾರೆ: ಫ್ಯಾಮಿಲಿಗೂ ಆಗಬೇಕು, ಸ್ಪೋರ್ಟಿಯಾಗೂ ಇರಬೇಕು, ಯಾವ ಎಲೆಕ್ಟ್ರಿಕ್ ಎಸ್‌ಯುವಿ ತಗೊಳ್ಳೋಣ?

ಹುಡುಕಿದವರಿಗೆ ಸಿಗುವುದು 'ಟಾಪ್ ಐದು ಕಾರು' ಎನ್ನುವ ಬರಹಗಳು. ಸಿಟಿಯಲ್ಲಿ ಕೂತು, ಕಂಪನಿ ಕೊಟ್ಟ ಪ್ರೆಸ್ ನೋಟನ್ನು ಕನ್ನಡಕ್ಕೆ ತಿರುಗಿಸಿದ ಬರಹಗಳು. ಇದರಲ್ಲಿ ನಮ್ಮ ತಪ್ಪೂ ಇದೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವೂ ಇಂಥವನ್ನು ಬರೆದಿದ್ದೇವೆ. ಕಾರನ್ನು ಕಣ್ಣಾರೆ ನೋಡದೆ 'ಭರ್ಜರಿ ಮೈಲೇಜ್' ಎಂದು ಹೆಡ್ಡಿಂಗ್ ಕೊಟ್ಟಿದ್ದೇವೆ. ಅದಕ್ಕೇ ಈಗ ಹೇಳುತ್ತಿದ್ದೇವೆ: ಅಂಥ ಬರಹ ನಂಬಿ ಇಪ್ಪತ್ತು ಲಕ್ಷ ಹಾಕಬೇಡಿ.

ನಾವು ಎಲೆಕ್ಟ್ರಿಕ್ ಕಾರಿನ ವಿರೋಧಿಗಳಲ್ಲ. ಬೆಂಗಳೂರಿನ ರೇವಾ 2001ರಲ್ಲೇ ರಸ್ತೆಗಿಳಿದಿತ್ತು. ವಿದ್ಯುತ್ ವಾಹನಗಳಿಗೆಂದೇ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಕಾರು ಒಳ್ಳೆಯದೇ. ಆದರೆ ಅದನ್ನು ಯಾರಿಗೆ, ಯಾವ ಊರಿಗೆ, ಏನು ಹೇಳಿ ಮಾರುತ್ತಿದ್ದಾರೆ ಅನ್ನುವುದರ ಮೇಲೆ ನಮ್ಮ ಜಗಳ.

ಮೊದಲು ಈ 'ಸ್ಪೋರ್ಟಿ' ಮಾತು ತೆಗೆದುಕೊಳ್ಳಿ. ಮಹೀಂದ್ರಾ ಬಿಇ 6 ಕಾರಿನ ದೊಡ್ಡ ಬ್ಯಾಟರಿ ಮಾದರಿಗೆ 286 ಪಿಎಸ್ ಶಕ್ತಿ. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ 6.7 ಸೆಕೆಂಡ್ ಸಾಕು ಎನ್ನುತ್ತದೆ ಕಂಪನಿ. ಸುಳ್ಳಲ್ಲ, ಓಡುತ್ತದೆ. ಆದರೆ ಎಲ್ಲಿ ಓಡಿಸ್ತೀರಿ? ದುರ್ಗದ ತಿರುವಿನಲ್ಲಿ ಮಂಗಗಳಿವೆ, ತೇರಿನ ದಿನ ನಡೆದು ಹತ್ತುವ ಜನ ಇದ್ದಾರೆ. ಊರಿನ ರಸ್ತೆಯಲ್ಲಿ ಸುಗ್ಗಿ ಬಂದರೆ ರಾಗಿ, ಹುರುಳಿ ಹಾಸಿರುತ್ತಾರೆ. ಎದುರಿಗೆ ಕುರಿ ಹಿಂಡು, ತಿರುವಿನಲ್ಲಿ ತೆಂಗಿನಕಾಯಿ ಲೋಡಿನ ಟ್ರ್ಯಾಕ್ಟರ್. ಸದ್ದೇ ಮಾಡದ ಕಾರು ಬರುವುದು ಕಿವಿ ಮಂದವಾದ ಅಜ್ಜಿಗೆ ಹೇಗೆ ಗೊತ್ತಾಗಬೇಕು? ಕುಣಿಗಲ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದುರೆ ಫಾರಂ ಅವರ ಊರಲ್ಲೇ ಇದೆ. ಓಟದ ಕುದುರೆಯನ್ನು ಯಾರೂ ಗೊಬ್ಬರದ ಗಾಡಿಗೆ ಕಟ್ಟುವುದಿಲ್ಲ.

ಇನ್ನು ಬೆಟ್ಟದ ಭಯ. 'ಘಾಟಿ ಹತ್ತಿದರೆ ಬ್ಯಾಟರಿ ಅರ್ಧ ಖಾಲಿ' ಎಂದು ಹೆದರಿಸುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ತುಮಕೂರಿಗಿಂತ ದುರ್ಗದ ತುದಿ ಸುಮಾರು 350 ಮೀಟರ್ ಎತ್ತರ. ಜನರೂ ಸೇರಿ ಎರಡೂಕಾಲು ಟನ್ ತೂಕದ ಕಾರನ್ನು ಅಷ್ಟು ಮೇಲೆ ಎತ್ತಲು ಮಾಮೂಲಿಗಿಂತ ಹೆಚ್ಚು ಬೇಕಾಗುವುದು ಎರಡು ಮೂರು ಯೂನಿಟ್ ಕರೆಂಟ್ ಅಷ್ಟೇ. ಇಳಿಯುವಾಗ ಮೋಟರೇ ಬ್ರೇಕಿನ ಕೆಲಸ ಮಾಡಿ ಅದರಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ದುರ್ಗ ಹತ್ತಲು ಎಲೆಕ್ಟ್ರಿಕ್ ಕಾರಿಗೆ ಕಷ್ಟವೇ ಇಲ್ಲ.

ಕಷ್ಟ ಇರುವುದು ನಿಮ್ಮ ಮನೆ ಗೋಡೆಯ ಪ್ಲಗ್ಗಿನಲ್ಲಿ. ಗೈಡ್ ಬರೆಯುವವರು ಬಾಯಿ ಬಿಡದ ವಿಷಯ ಇದೇ.

ಬ್ಯಾಟರಿಯ ಅಳತೆಯನ್ನು ಕಿಲೋವ್ಯಾಟ್ ಅವರ್ ಎಂದು ಹೇಳುತ್ತಾರೆ. ಅಂದರೆ ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ. ಬಿಇ 6ರಲ್ಲಿ 59 ಅಥವಾ 79 ಯೂನಿಟ್. 2025ರ ಜನವರಿಯಲ್ಲಿ ಬಂದ ಹುಂಡೈ ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ 42 ಅಥವಾ 51.4. ಅದೇ ವರ್ಷ ಜೂನ್‌ನಲ್ಲಿ ಬಂದ ಟಾಟಾ ಹ್ಯಾರಿಯರ್ ಇವಿಯಲ್ಲಿ 65 ಅಥವಾ 75. ಮನೆಯ ಹದಿನೈದು ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಹೆಚ್ಚೆಂದರೆ ಮೂರು ಯೂನಿಟ್ ತುಂಬುತ್ತದೆ. 79 ಯೂನಿಟ್ ಪೂರ್ತಿ ತುಂಬಲು 26 ಗಂಟೆ. ಅದೂ ಕರೆಂಟ್ ಹೋಗದಿದ್ದರೆ, ವೋಲ್ಟೇಜ್ ಇಳಿಯದಿದ್ದರೆ. ಬೇಗ ತುಂಬುವ ಏಳು ಕಿಲೋವ್ಯಾಟ್ ಚಾರ್ಜರ್ ಹಾಕಿಸಬೇಕಾದರೆ ಮನೆಯ ಮಂಜೂರಾದ ಲೋಡು ಏರಿಸಬೇಕು. ನಿಮ್ಮ ಬಿಲ್ ತೆಗೆದು ನೋಡಿ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಅದು ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ.

ಗೃಹಜ್ಯೋತಿ ಲೆಕ್ಕವನ್ನೂ ಹಾಕಿ. ಗುಬ್ಬಿ ಕಡೆಯ ಹಳ್ಳಿಯಿಂದ ತುಮಕೂರಿಗೆ ದಿನಾ ಹೋಗಿ ಬಂದರೆ ಅರವತ್ತು ಕಿ.ಮೀ. ಅಂದುಕೊಳ್ಳಿ. ಇಷ್ಟು ದೊಡ್ಡ ಕಾರು ಯೂನಿಟ್ಟಿಗೆ ಆರು ಕಿ.ಮೀ. ಓಡಿದರೆ ದಿನಕ್ಕೆ ಹತ್ತು ಯೂನಿಟ್, ತಿಂಗಳಿಗೆ 25 ದಿನಕ್ಕೆ 250 ಯೂನಿಟ್. ಇನ್ನೂರು ಯೂನಿಟ್ ದಾಟಿದರೆ ಗೃಹಜ್ಯೋತಿ ಹೋಯಿತು, ಪೂರ್ತಿ ಬಿಲ್ ನಿಮ್ಮದೇ. ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರ ಇದೆ. ಬೇರೆ ಮೀಟರ್ ಸಿಗುತ್ತದಾ, ಎಷ್ಟು ಖರ್ಚು ಎಂದು ಕಾರು ಬುಕ್ ಮಾಡುವ ಮುಂಚೆ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿ. ಶೋರೂಮಿನ ಹುಡುಗನನ್ನು ಕೇಳಬೇಡಿ. ಅವನ ಕೆಲಸ ಕಾರು ಮಾರುವುದು.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ. ದಿನಕ್ಕೆ ಹತ್ತು ಯೂನಿಟ್ ಸಾಕು ಅಂದರೆ ಸಾದಾ ಪ್ಲಗ್ಗಿನಲ್ಲೇ ಮೂರೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಕುಣಿಗಲ್‌ನಿಂದ ದುರ್ಗಕ್ಕೆ ಹೋಗಿ ಬರಲು ಇಪ್ಪತ್ತು ಯೂನಿಟ್ ಸಾಕು. ಹಾಗಿದ್ದ ಮೇಲೆ 79 ಯೂನಿಟ್ಟಿನ ಬ್ಯಾಟರಿ ಯಾಕೆ? ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಲು ಲಕ್ಷಗಟ್ಟಲೆ ಹೆಚ್ಚು ಕೊಟ್ಟು, ವರ್ಷವಿಡೀ ಆ ಭಾರ ಹೊತ್ತು ತಿರುಗಬೇಕಾ? ಹೋಗುವಾಗ ದಾರಿಯಲ್ಲಿ ಒಂದು ಕಡೆ ಚಾರ್ಜ್ ಹಾಕಿ, ಟೀ ಕುಡಿದು ಹೊರಟರಾಯಿತು. ದೊಡ್ಡ ಬ್ಯಾಟರಿ ಬೇಕಾಗುವುದು ದಿನಾ ದೂರ ಓಡಿಸುವವರಿಗೆ. ನಮ್ಮಲ್ಲಿ ಬಹಳ ಮನೆಗಳಿಗೆ ಚಿಕ್ಕದೇ ಸರಿ.

ಬೆಲೆಯ ಮಾತಿಗೆ ಬರೋಣ. ಬಿಇ 6 ಬಂದಾಗ 'ಶುರು 18.90 ಲಕ್ಷ' ಎಂದು ಎಲ್ಲ ಕಡೆ ಬಂತು. ಅದು ಎಕ್ಸ್ ಶೋರೂಂ ಬೆಲೆ, ಚಾರ್ಜರ್ ಸೇರಿರಲಿಲ್ಲ. ತುದಿಯ ಮಾದರಿ 26.90 ಲಕ್ಷ ಇತ್ತು. ರಾಜ್ಯ ಸರ್ಕಾರ 2024ರಲ್ಲಿ, 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಜೀವಾವಧಿ ತೆರಿಗೆ ಹಾಕಿತು. ಹಾಗಾಗಿ ಎಕ್ಸ್ ಶೋರೂಂ ಬೆಲೆಗೆ ಕಿವಿ ಕೊಡಬೇಡಿ. ತೆರಿಗೆ, ವಿಮೆ, ಚಾರ್ಜರ್, ವೈರಿಂಗ್ ಎಲ್ಲ ಸೇರಿಸಿ ಒಂದೇ ಹಾಳೆಯಲ್ಲಿ ಬರೆದುಕೊಡಿ ಎನ್ನಿ.

ಅದೇ ಹಾಳೆ ಹಿಡಿದು ಇನ್ನೂ ಒಂದೆರಡು ಕೇಳಿ. ಸ್ಟೆಪ್ನಿ ಕೊಡ್ತೀರಾ? ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ಚಿರತೆ ಓಡಾಡುವ ಕಾಡಿನ ರಸ್ತೆಯಲ್ಲಿ ರಾತ್ರಿ ಟೈರ್ ಸೀಳಿದರೆ ಕಿಟ್ ಏನೂ ಮಾಡುವುದಿಲ್ಲ. ಬ್ಯಾಟರಿ ಗ್ಯಾರಂಟಿ ಎಷ್ಟು ವರ್ಷ, ನಾವು ಮಾರಿದರೆ ಕೊಂಡವನಿಗೂ ಅಷ್ಟೇ ಸಿಗುತ್ತದಾ? 'ಲೈಫ್ ಟೈಮ್' ಎಂಬುದು ಮೊದಲ ಮಾಲೀಕನಿಗೆ ಮಾತ್ರ ಇರಬಹುದು. ಕೆಟ್ಟರೆ ತುಮಕೂರಿನಲ್ಲೇ ರಿಪೇರಿ ಮಾಡ್ತೀರಾ, ಬೆಂಗಳೂರಿಗೆ ಎಳೆದುಕೊಂಡು ಹೋಗಬೇಕಾ? ರೇಂಜ್ ಬಗ್ಗೆ ಮಾತ್ರ ಕೇಳುವುದೇ ಬೇಡ. ಬ್ಯಾಟರಿಯ ಯೂನಿಟ್ಟನ್ನು ಆರರಿಂದ ಗುಣಿಸಿ. ಕಂಪನಿ 680 ಚಿಲ್ಲರೆ ಎಂದ ಕಡೆ ನಿಮಗೆ 474 ಬರುತ್ತದೆ. ಅಷ್ಟನ್ನೇ ನಂಬಿ ಹೊರಡಿ.

ಆಪ್‌ನಲ್ಲಿ ಕಾಣುವ ಚಾರ್ಜರನ್ನೂ ಪೂರ್ತಿ ನಂಬಬೇಡಿ. ನಮ್ಮ ಗೆಳೆಯರೊಬ್ಬರ ಜೊತೆ ಹೆದ್ದಾರಿ ಬದಿಯ ಒಂದು ಕಡೆ ಹೋಗಿದ್ದೆವು. ಆಪ್‌ನಲ್ಲಿ ಹಸಿರು ಚುಕ್ಕಿ ಇತ್ತು, ಅಲ್ಲಿ ನೋಡಿದರೆ ಮೆಷಿನ್ನಿಗೆ ಗೋಣಿಚೀಲ ಹೊದಿಸಿದ್ದರು. ಮುಂದಿನ ಚಾರ್ಜರ್‌ವರೆಗೂ ಏಸಿ ಆರಿಸಿಕೊಂಡು, ಬೆವರು ಒರೆಸಿಕೊಂಡು ಹೋದೆವು.

ಈಗ ಹೊಟ್ಟೆಯೊಳಗಿನ ಸಿಟ್ಟನ್ನೂ ಹೇಳಿಬಿಡುತ್ತೇವೆ. ಪಾವಗಡದ ಸೋಲಾರ್ ಪಾರ್ಕ್ ಇರುವುದು ನಮ್ಮ ಜಿಲ್ಲೆಯಲ್ಲೇ. 13 ಸಾವಿರ ಎಕರೆ, 2,050 ಮೆಗಾವ್ಯಾಟ್. ರೈತರು ಜಮೀನು ಗುತ್ತಿಗೆಗೆ ಕೊಟ್ಟರು, ನಮ್ಮ ಬಿಸಿಲು ಕರೆಂಟಾಗಿ ತಂತಿ ಹತ್ತಿ ಹೋಯಿತು. ಅದೇ ಜಿಲ್ಲೆಯ ಗುಬ್ಬಿ, ಕುಣಿಗಲ್ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವಾಗ ಬರುತ್ತದೋ ಎಂದು ರೈತರು ರಾತ್ರಿ ಎದ್ದು ಕಾಯುತ್ತಾರೆ. ವಾರಾಂತ್ಯಕ್ಕೆ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ದುರ್ಗಕ್ಕೆ ಬಂದು ತಂಪು ಗಾಳಿ ಕುಡಿದು ಹೋಗುತ್ತದೆ. ಅದನ್ನು ನೋಡಿದ ನಮ್ಮ ಹುಡುಗ ಅಡಿಕೆ ದುಡ್ಡು ಮುಂದಿಟ್ಟು, ಏಳು ವರ್ಷದ ಸಾಲಕ್ಕೆ ಸಹಿ ಹಾಕುತ್ತಾನೆ. ಆಮೇಲೆ ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಕರೆಂಟಿಗೆ ಕಾಯುತ್ತಾನೆ. ಬಿಸಿಲು ನಮ್ಮದು, ಕಂತೂ ನಮ್ಮದು, ಕರೆಂಟ್ ಮಾತ್ರ ಬೇರೆಯವರದಾ?

ಹಾಗಾಗಿ ಕೊಳ್ಳುವವರಿಗೆ ಒಂದು ಮಾತು, ಆಳುವವರಿಗೆ ಒಂದು ಮಾತು.

ಕೊಳ್ಳುವವರೇ, ಶೋರೂಮಿಗೆ ಹೋಗುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ತಾನೇ ನಿಂತುಬಿಡುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಚಾರ್ಜ್ ಹಾಕುವ ಸಾಹಸ ಬೇಡ, ವೈರು ಕಾದು ಬೆಂಕಿ ಹತ್ತುತ್ತದೆ. ಒಂದು ವಾರ ಬೆಳಿಗ್ಗೆ, ಸಂಜೆ, ಮಧ್ಯರಾತ್ರಿ ವೋಲ್ಟೇಜ್ ಬರೆದಿಡಿ. ಆ ಚೀಟಿಯೇ ನಿಮ್ಮ ನಿಜವಾದ ಕಾರ್ ಗೈಡು. ಚೀಟಿ ಸರಿಬಂದರೆ ಧೈರ್ಯವಾಗಿ ಕೊಳ್ಳಿ, ಪೆಟ್ರೋಲ್ ಖರ್ಚು ಉಳಿಯುತ್ತದೆ. ಸರಿಬರದಿದ್ದರೆ ಒಂದೆರಡು ವರ್ಷ ತಡೆಯಿರಿ. ಹಳೇ ಕಾರಿನಲ್ಲಿ ಹೋದರೂ ನರಸಿಂಹಸ್ವಾಮಿ ದರ್ಶನ ಕೊಡುತ್ತಾನೆ.

ಆಳುವವರೇ, ಹಳ್ಳಿಗಳಿಗೆ ಹೊತ್ತಿಗೆ ಸರಿಯಾಗಿ, ಸರಿಯಾದ ವೋಲ್ಟೇಜಿನಲ್ಲಿ ಕರೆಂಟ್ ಕೊಡಿ. ಗುಬ್ಬಿ, ಕುಣಿಗಲ್ ಬಸ್ ನಿಲ್ದಾಣದಲ್ಲಿ, ದುರ್ಗದ ಪಾರ್ಕಿಂಗ್‌ನಲ್ಲಿ ಚಾರ್ಜರ್ ಇರಲಿ, ಅದು ಕೆಲಸವನ್ನೂ ಮಾಡಲಿ. ಅಲ್ಲಿಯವರೆಗೆ ಹಸಿರು ಭವಿಷ್ಯದ ಭಾಷಣ ನಮ್ಮೂರಿನಲ್ಲಿ ಬೇಡ.

ನಿಮ್ಮ ಮನೆಯ ವೋಲ್ಟೇಜ್ ಚೀಟಿಯ ಫೋಟೊ ನಮಗೆ ಕಳಿಸಿ. ಹೆಸರು ಹಾಕುವುದಿಲ್ಲ, ಊರು ಮತ್ತು ಹೊತ್ತು ಹಾಕುತ್ತೇವೆ. ಎಲ್ಲವನ್ನೂ ಒಟ್ಟು ಮಾಡಿ ಬೆಸ್ಕಾಂ ಅಧಿಕಾರಿಗಳ ಮೇಜಿನ ಮೇಲೆ ಇಟ್ಟು, ಅವರು ಏನು ಹೇಳಿದರು ಎಂಬುದನ್ನು ಇಲ್ಲೇ ಬರೆಯುತ್ತೇವೆ.